ಒಂಟಿಗಣ್ಣಿನ ದುರ್ಬೀನು

ಜೂನ್ ೪

ಅಪ್ಪಾ,

ಕೆಲಸ ಸಿಕ್ಕಿತು. ಈ ಒಂದು ಸಾಲನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳು. ಮಿಕ್ಕಿದ್ದನ್ನು ನೀನೊಬ್ಬನೇ ಓದಿಕೋ.

ಫೋನ್ ಮಾಡಬಹುದಿತ್ತು. ಆದರೆ ಅಷ್ಟು ವರ್ಷ ಲಾಂಚಿನ ಇಂಜಿನ್ ಕೋಣೆಯಲ್ಲಿ ಕಳೆದ ನಿನ್ನ ಕಿವಿಗೆ ಫೋನಿನಲ್ಲೂ ಇಂಜಿನ್ನಿನ ಸದ್ದೇ ಕೇಳಿಸುತ್ತದೆ. ಮೆಸೇಜ್ ಕಳಿಸಿದರೆ "ಸರಿ" ಎಂದು ಒಂದೇ ಪದ ಬರುತ್ತದೆ. ಕಾಗದದಲ್ಲಾದರೆ ನೀನು ಮಹಾ ಮಾತುಗಾರ. ಅದಕ್ಕೇ ಈ ಕಾಗದ.

ಇದೊಂದು ನಾಟಕ ತಂಡ. ಹಳೆಯ ಗೋದಾಮನ್ನು ರಂಗಮಂದಿರ ಮಾಡಿಕೊಂಡಿದ್ದಾರೆ. ಒಳಗೆ ಬಣ್ಣ, ಮರದ ಹೊಟ್ಟು, ಬೆವರು ಎಲ್ಲ ಸೇರಿದ ಒಂದು ವಾಸನೆ. ನನಗಂತೂ ಮೊದಲ ದಿನವೇ ಹಿಡಿಸಿತು. ಸ್ಟೇಜ್ ನೋಡಿಕೊಳ್ಳುವ ಹೆಂಗಸನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಾರೆ. ನಾನು ಅವರ ಸಹಾಯಕಿ. ಅವರು ನಕ್ಕಿದ್ದನ್ನು ಇದುವರೆಗೆ ಯಾರೂ ನೋಡಿಲ್ಲವಂತೆ.

ಈಗ ನೀನೊಬ್ಬನೇ ಓದಬೇಕಾದ ವಿಷಯ. ಒಂದು ದೃಶ್ಯ ಮುಗಿದು ಇನ್ನೊಂದು ಶುರುವಾಗುವ ನಡುವೆ ದೀಪಗಳೆಲ್ಲ ಆರುತ್ತವೆ. ಆ ಕತ್ತಲಲ್ಲೇ ಬಡಗಿಯವರು ಮೇಜು ಎತ್ತಿ ಮಂಚ ಇಡುತ್ತಾರೆ, ನಟರು ತಮ್ಮ ತಮ್ಮ ಜಾಗಕ್ಕೆ ಬಂದು ನಿಲ್ಲುತ್ತಾರೆ. ಪಕ್ಕದ ಪರದೆಯ ಮರೆಯಲ್ಲಿ ನಿಂತು, ಎಲ್ಲ ಸರಿಯಿದೆ ಎಂದು ನೋಡಿ, ಲೈಟಿನವರಿಗೆ ಮೈಕಿನಲ್ಲಿ "ಬಿಡಿ" ಎನ್ನಬೇಕಾದವಳು ನಾನು.

ನಗಬೇಡ. ಸಂಜೆಯಾದರೆ ಕೋಳಿಯ ಹಾಗೆ ಗೂಡು ಸೇರುತ್ತಿದ್ದ ನಿನ್ನ ಮಗಳಿಗೆ ಜಗತ್ತಿನಲ್ಲಿ ಸಿಕ್ಕ ಕೆಲಸ ಇದು! ಕಣ್ಣಿನ ವಿಷಯ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನೆಲದ ಮೇಲೆ ಕತ್ತಲಲ್ಲಿ ಮಿನುಗುವ ಪಟ್ಟಿ ಅಂಟಿಸಿದ್ದಾರೆ, ಉಳಿದವರಿಗೆಲ್ಲ ಅದೇ ದಾರಿದೀಪ. ನನಗೆ ಆ ಮಿನುಗು ಕೂಡ ಕಾಣುವುದಿಲ್ಲ. ಹೇಗೋ ನಡೆಸುತ್ತಿದ್ದೇನೆ. ಅಮ್ಮನಿಗೆ ಹೇಳಬೇಡ.

ನಿನ್ನ
ಕೋಳಿಮರಿ

•

ಜೂನ್ ೧೩

ಕೋಳಿಮರಿಯೇ,

ಮೊದಲ ಸಾಲು ಓದಿದ ತಕ್ಷಣ ನಿಮ್ಮಮ್ಮ ಎದುರು ಮನೆಗೂ ಪಕ್ಕದ ಮನೆಗೂ ಸುದ್ದಿ ಮುಟ್ಟಿಸಿ ಬಂದಳು. ಉಳಿದದ್ದು ನನ್ನ ಜೇಬಿನಲ್ಲಿದೆ. ಜೇಬು ಸುಡುತ್ತಿದೆ.

"ಹೇಗೋ" ಎಂದು ಬರೆದಿದ್ದೀಯಲ್ಲ, ಆ ಪದ ನನಗೆ ನಿದ್ದೆ ಕೊಡುತ್ತಿಲ್ಲ. ಇಂಜಿನ್ ಕೋಣೆಯಲ್ಲಿ ಯಾವನಾದರೂ "ಹೇಗೋ ಓಡ್ತಾ ಇದೆ" ಎಂದರೆ ನಾನು ತಕ್ಷಣ ಅದನ್ನು ನಿಲ್ಲಿಸುತ್ತಿದ್ದೆ.

ಚಿಕ್ಕವಳಿದ್ದಾಗ ಒಂದು ಸಂಜೆ ಕರೆಂಟು ಹೋಯಿತು. ನೀನು ನಡುಮನೆಯಲ್ಲಿ ಗೊಂಬೆಯಂತೆ ನಿಂತುಬಿಟ್ಟೆ. ನಾನು "ಬಾ ಇಲ್ಲಿ" ಎಂದರೆ, "ಎಲ್ಲಿದೀಯ?" ಎಂದೆ. ನಾನು ನಿನ್ನ ಎದುರಿಗೇ ಇದ್ದೆ. ಹೊರಗಿನ ಬೆಳಕು ಕಿಟಕಿಯಿಂದ ಸಾಕಷ್ಟು ಬೀಳುತ್ತಿತ್ತು. ಅವತ್ತೇ ನಮಗೆ ಗೊತ್ತಾದದ್ದು. ಡಾಕ್ಟರು, "ಇರುಳುಗುರುಡು, ಹುಟ್ಟಿನಿಂದ ಬಂದಿದ್ದು. ಹೆಚ್ಚೂ ಆಗಲ್ಲ, ಕಮ್ಮಿನೂ ಆಗಲ್ಲ" ಎಂದರು. ಹೆಚ್ಚಾಗುವುದಿಲ್ಲ ಎಂದಿದ್ದಕ್ಕೆ ನಿಮ್ಮಮ್ಮ ಅವರ ಕೈ ಹಿಡಿದುಕೊಂಡು ಅತ್ತಿದ್ದಳು.

ನಿನ್ನ ದೊಡ್ಡಕ್ಕನಿಗೆ ಹೇಳಿಬಿಡು. ಹೇಳುವುದಿಲ್ಲ ಎಂದೂ ನನಗೆ ಗೊತ್ತು. ಆದ್ದರಿಂದ ಇನ್ನೊಂದು ಮಾತು. ನಮ್ಮ ಲಾಂಚಿನ ಚುಕ್ಕಾಣಿಯವನ ಹತ್ತಿರ ಕತ್ತಲಲ್ಲಿ ನೋಡುವ ಒಂದು ದುರ್ಬೀನು ಇದೆ. ಒಂದೇ ಕಣ್ಣಿಗೆ ಹಿಡಿಯುವುದು. ಮಂಜು ಕವಿದಾಗ, ದೀಪವಿಲ್ಲದ ದೋಣಿಗಳು ಅಡ್ಡ ಬಂದಾಗ ಅದನ್ನು ತೆಗೆಯುತ್ತಾನೆ. ನಿನ್ನೆ ಕೇಳಿದೆ. "ಇದು ಬಹಳ ತೂಕ ಕಣಯ್ಯಾ, ದುಬಾರಿನೂ ಹೌದು. ಈಗ ಹೊಸಬರಿಗೆ ಅಂತ್ಲೇ ಹಗುರದ್ದು ಬಂದಿದೆ, ಹುಡುಕು" ಎಂದು ಕಾಗದದ ಮೇಲೆ ಬರೆದು ತೋರಿಸಿದ.

ಹುಡುಕುವ ಮುಂಚೆ ನನಗೆ ಇಷ್ಟು ತಿಳಿಯಬೇಕು. ನೀನು ನಿಲ್ಲುವ ಜಾಗದಿಂದ ರಂಗದ ಆಚೆ ತುದಿ ಎಷ್ಟು ದೂರ? ನಿನ್ನ ಕೈ ಎರಡೂ ಖಾಲಿಯೇ? ಅಲ್ಲಿ ಒಂದಿಷ್ಟಾದರೂ ಬೆಳಕು ಇರುತ್ತದೆಯೋ, ಇಲ್ಲ ಪೂರ್ತಿ ಗವ್ವೆನ್ನುವ ಕತ್ತಲೆಯೋ?

ಉತ್ತರ ಬರೆ.

ನಿನ್ನ ಕಿವುಡಪ್ಪ

•

ಜುಲೈ ೨

ಅಪ್ಪಾ,

ಬೇಡ ಎನ್ನೋಣ ಎಂದುಕೊಂಡೇ ಕೂತೆ. ಆದರೆ ಮೊನ್ನೆ ಒಂದು ಘಟನೆ ನಡೆಯಿತು.

ಕತ್ತಲಾಯಿತು. ನಾನು ಎಂದಿನಂತೆ ಸದ್ದು ಕೇಳಿಸಿಕೊಳ್ಳುತ್ತಾ ನಿಂತಿದ್ದೆ. ಹೆಜ್ಜೆಗಳು ಬಂದವು, ಹೋದವು. ಎಲ್ಲ ನಿಶ್ಶಬ್ದವಾಯಿತು. "ಬಿಡಿ" ಎಂದೆ. ದೀಪ ಬಂತು. ರಾಜಸಭೆಯ ನಟ್ಟನಡುವೆ, ಸಿಂಹಾಸನದ ಮುಂದೆ, ಚಡ್ಡಿ ಹಾಕಿಕೊಂಡ ಬಡಗಿ ಮಾಮ ತಲೆಯ ಮೇಲೆ ಸ್ಟೂಲು ಹೊತ್ತು ನಿಂತಿದ್ದಾರೆ! ಜನ ಬಿದ್ದು ಬಿದ್ದು ನಕ್ಕರು. ಮಾಮ ಏನು ಮಾಡಿದರು ಗೊತ್ತಾ? ರಾಜನಿಗೆ ಬಗ್ಗಿ ನಮಸ್ಕಾರ ಮಾಡಿ, ಸ್ಟೂಲನ್ನು ಕಾಣಿಕೆ ಕೊಡುವಂತೆ ಪಾದದ ಹತ್ತಿರ ಇಟ್ಟು, ಹಿಂದಕ್ಕೆ ನಡೆದುಕೊಂಡೇ ಹೊರಟುಹೋದರು. ಚಪ್ಪಾಳೆ ಬಿತ್ತು.

ದೊಡ್ಡಕ್ಕ ಬೈಯಲಿಲ್ಲ. "ಗಮನ ಎಲ್ಲಿತ್ತು?" ಎಂದರು, ಅಷ್ಟೆ. ಗಮನವೆಲ್ಲ ಅಲ್ಲೇ ಇತ್ತು ಎಂದು ಅವರಿಗೆ ಹೇಗೆ ಹೇಳಲಿ?

ಅಲ್ಲಿಗೆ ಮುಗಿದಿದ್ದರೆ ನಾನೂ ನಕ್ಕು ಮರೆಯುತ್ತಿದ್ದೆ. ಆದರೆ ಬರುವ ನಾಟಕದಲ್ಲಿ ರಂಗದ ನೆಲದಲ್ಲೇ ಒಂದು ಬಾವಿ ಇದೆ. ನೆಲಕ್ಕೆ ಕೊರೆದ ಬಾಗಿಲು, ಕೆಳಗೆ ಏಣಿ. ನಾಯಕಿ ಅದರೊಳಗೆ ಇಳಿಯುತ್ತಾಳೆ, ಕತ್ತಲಾಗುತ್ತದೆ, ಬಡಗಿ ಮಾಮ ಕೆಳಗಿನಿಂದ ಬಾಗಿಲು ಮುಚ್ಚಿ ಅಗುಳಿ ಹಾಕುತ್ತಾರೆ. ದೀಪ ಬರುತ್ತಿದ್ದಂತೆ ನಮ್ಮ ಹಿರಿಯ ನಟ ಅದೇ ಜಾಗದ ಮೇಲೆ ಓಡಿಬರಬೇಕು. ಅವರನ್ನು ನಾವು ಅಜ್ಜ ಎನ್ನುತ್ತೇವೆ. ನನಗೆ ದಿನವೂ ಪೆಪ್ಪರ್‌ಮಿಂಟು ಕೊಡುತ್ತಾರೆ. ಬಾಗಿಲು ಮುಚ್ಚುವ ಮೊದಲೇ ನಾನು "ಬಿಡಿ" ಎಂದರೆ ಏನಾಗುತ್ತದೆ ಎಂಬುದನ್ನು ನಾನು ಬರೆಯುವುದಿಲ್ಲ.

ನಿನ್ನ ಪ್ರಶ್ನೆಗಳಿಗೆ: ಆಚೆ ತುದಿ ಎಂದರೆ ನಮ್ಮ ಮನೆಯ ಮುಂಬಾಗಿಲಿನಿಂದ ಎದುರು ಮನೆಯ ಗೇಟಿನಷ್ಟು ದೂರ. ಬಾವಿ ಇನ್ನೂ ಹತ್ತಿರ. ಎಡಗೈಯಲ್ಲಿ ನಾಟಕದ ಪ್ರತಿ ಇರುತ್ತದೆ, ಮೈಕು ತಲೆಗೆ ಸಿಕ್ಕಿಸಿಕೊಳ್ಳುವಂಥದ್ದು, ಬಲಗೈ ಖಾಲಿ. ಆ ಮಿನುಗುವ ಪಟ್ಟಿ ಬಿಟ್ಟರೆ ಬೆಳಕು ಚೂರೂ ಇರುವುದಿಲ್ಲ. ಆಮೇಲೆ ಒಮ್ಮೆಗೇ ಕಣ್ಣು ಕುಕ್ಕುವಷ್ಟು ಬರುತ್ತದೆ.

ಅಗ್ಗದ್ದೇ ನೋಡು. ಮತ್ತು ಹೇಳು ಹೇಳು ಎಂದು ಬರೆಯಬೇಡ. ಗೊತ್ತಾದ ದಿನವೇ ನನ್ನನ್ನು ಟಿಕೆಟ್ ಹರಿಯುವ ಬಾಗಿಲಿಗೆ ಕಳಿಸುತ್ತಾರೆ.

ಕೋಳಿಮರಿ

•

ಜುಲೈ ೨೧

ಮಗಳೇ,

ನಿನ್ನ ಬಡಗಿ ಮಾಮನ ಕತೆ ಓದಿ ನಾನೊಬ್ಬನೇ ನಕ್ಕೆ. ನಿಮ್ಮಮ್ಮ ಬಂದು ಬಾಗಿಲಲ್ಲಿ ನಿಂತಳು. "ಲಾಂಚಿನ ವಿಷಯ" ಎಂದು ಸುಳ್ಳು ಹೇಳಿದೆ. ಬಾವಿಯ ಕತೆಗೆ ಬಂದಾಗ ನಗು ನಿಂತಿತು.

ಮೂರು ಅಂಗಡಿ ಸುತ್ತಿದೆ. ಮೊದಲನೆಯವನು ನಾನು ಕಿವುಡ ಎಂದು ತಿಳಿದ ಮೇಲೆ ಇಡೀ ಬೀದಿಗೆ ಕೇಳಿಸುವಂತೆ "ಒಂದು ಕಿಲೋಮೀಟರು ಕಾಣುತ್ತೆ!" ಎಂದು ಕೂಗಿದ. ನನಗೆ ಕಾಣಬೇಕಾದ್ದು ಎದುರು ಮನೆಯ ಗೇಟು ಎಂದೆ. ಅವನಿಗೆ ಆಸಕ್ತಿ ಹೋಯಿತು. ಡಬ್ಬಿಯ ಮೇಲೆ ಬರೆದ ದೂರವೆಲ್ಲ ಕಾಗದದ ಮೇಲಿನ ದೂರ ಎಂದು ಆಮೇಲೆ ತಿಳಿಯಿತು. ಅಲ್ಲದೆ ತುಂಬಾ ದೊಡ್ಡದಾಗಿ ತೋರಿಸುವಂಥದ್ದು ಕಲಿಯುವವರಿಗೆ ಆಗಿಬರುವುದಿಲ್ಲ. ಕೈ ಒಂಚೂರು ನಡುಗಿದರೂ ಚಿತ್ರ ಕುಣಿಯುತ್ತದೆ, ಎದುರಿಗೆ ನಿಂತವನ ಮೂಗು ಬಿಟ್ಟು ಬೇರೇನೂ ಕಾಣುವುದಿಲ್ಲ.

ಎರಡನೆಯವನು ಮೈಯ ಬಿಸಿಯಿಂದ ನೋಡುವ ಯಂತ್ರ ತೋರಿಸಿದ. ಅದ್ಭುತವೇ ಸರಿ, ಅವನ ಬೆಕ್ಕು ದೀಪದ ಹಾಗೆ ಹೊಳೆಯಿತು. ಆದರೆ ಮನುಷ್ಯರು ಹೊಳೆಯುತ್ತಾರೆ, ತಣ್ಣಗಿನ ಸ್ಟೂಲೂ ಬಾಗಿಲೂ ಸರಿಯಾಗಿ ತಿಳಿಯುವುದಿಲ್ಲ. ನಿನಗೆ ಬಾಗಿಲು ಕಾಣದಿದ್ದರೆ ಬೆಕ್ಕು ಕಟ್ಟಿಕೊಂಡು ಏನು ಮಾಡುತ್ತೀಯ?

ಮೂರನೆಯ ಅಂಗಡಿಯಲ್ಲಿ ಒಬ್ಬ ಹೆಂಗಸು. ನಿಧಾನವಾಗಿ, ತುಟಿ ಕಾಣುವಂತೆ ಮಾತಾಡಿದಳು. ನಿನ್ನ ವಿಷಯ ಎಲ್ಲ ಹೇಳಿದೆ. ಹಳೆಯ ಕಾಲದ ಕೊಳವೆಯ ದುರ್ಬೀನು ಬೇಡ ಎಂದಳು. ಅದಕ್ಕೆ ನಕ್ಷತ್ರದಷ್ಟಾದರೂ ಬೆಳಕು ಬೇಕು, ಮೇಲಾಗಿ ರಂಗದ ದೀಪ ದಢಾರನೆ ಬಂದರೆ ಕೆಟ್ಟುಹೋಗಬಹುದು. ನಿನಗೆ ಡಿಜಿಟಲ್ಲೇ ಸರಿ. ಒಳಗೊಂದು ಪುಟ್ಟ ಪರದೆ, ಕ್ಯಾಮೆರಾದಂತೆ. ಬೆಳಕಿನ ಪರದೆ ಆದ್ದರಿಂದ ನಿನ್ನ ಕಣ್ಣಿಗೂ ಕಾಣುತ್ತದೆ. ಅದರ ಮೂತಿಯಲ್ಲಿ ಕಣ್ಣಿಗೆ ಕಾಣದ ಬೆಳಕು ಬೀರುವ ದೀಪವೂ ಇದೆ. ಕೆಲವು ಅಗ್ಗದವುಗಳಲ್ಲಿ ಆ ದೀಪ ಬೀಡಿಯ ತುದಿಯಂತೆ ಕೆಂಪಗೆ ಮಿನುಗುತ್ತದೆ, ಜನ ನೋಡಿಬಿಡುತ್ತಾರೆ. ಹಾಗೆ ಮಿನುಗದ್ದನ್ನೇ ಆರಿಸಿದೆ. ಅದರ ಬೆಳಕು ಅಷ್ಟು ದೂರ ಹೋಗುವುದಿಲ್ಲ, ನಿನಗೆ ಅಷ್ಟು ದೂರ ಬೇಕಾಗಿಯೂ ಇಲ್ಲ.

ಅಂಗಡಿಯ ಹಿಂದಿನ ಸಾಮಾನು ಕೋಣೆಗೆ ನನ್ನನ್ನು ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ಕಣ್ಣಿಗೆ ಹಿಡಿದೆ. ಅಟ್ಟದ ಮೇಲಿನ ಡಬ್ಬಗಳು, ಅವಳ ಬಳೆ, ನೆಲದ ಮೇಲಿನ ಹಗ್ಗ, ಎಲ್ಲ ಬೂದು ಬಣ್ಣದಲ್ಲಿ ಕಂಡವು. ಕಣ್ಣಿನಿಂದ ತೆಗೆಯಲು ಮನಸ್ಸೇ ಬರಲಿಲ್ಲ. "ಏನಾಯ್ತು ಯಜಮಾನ್ರೇ?" ಎಂದು ಕೇಳಿದಳಂತೆ. ಕೇಳಿಸಲಿಲ್ಲ.

ಕಂಪನಿಯ ಹೆಸರು ದೊಡ್ಡದಲ್ಲ. ಬೆಲೆ ನನ್ನ ಕೈಗೆ ಎಟುಕುವಂಥದ್ದು, ಅದರ ಮಾತು ಎತ್ತಬೇಡ. ತೂಕ ಒಂದು ದೊಡ್ಡ ಸೇಬಿನಷ್ಟು. ಕೊರಳಿಗೆ ಹಾಕುವ ದಾರ ಇದೆ. ಬದಲಾಯಿಸುವ ಸೆಲ್ಲಿನದೇ ತೆಗೆದುಕೊಂಡೆ, ನಾಟಕದ ನಡುವೆ ಚಾರ್ಜ್ ಮುಗಿದರೆ ಯಾರನ್ನು ಕೇಳುತ್ತೀಯ? ಪರದೆಯ ಬೆಳಕನ್ನು ಪೂರ್ತಿ ಕಮ್ಮಿ ಮಾಡಿಕೋ, ಇಲ್ಲದಿದ್ದರೆ ನಿನ್ನ ಕೆನ್ನೆ ಹೊಳೆಯುತ್ತದೆ. ಇದನ್ನು ಹಿಡಿದು ನಡೆಯಬೇಡ, ಪಕ್ಕದ್ದೇನೂ ಕಾಣುವುದಿಲ್ಲ. ನಿಂತು ನೋಡು.

ಪಾರ್ಸೆಲ್ ಕಳಿಸಿದ್ದೇನೆ. ಒಂದು ಷರತ್ತು. ಇದನ್ನು ನೀನು ಕಣ್ಣಿಗೆ ಹಿಡಿಯುವ ಮೊದಲು ದೊಡ್ಡಕ್ಕನ ಕೈಗೆ ಕೊಟ್ಟು, ಯಾಕೆ ಬೇಕು ಎಂದು ಹೇಳಬೇಕು. ಹೇಳುವುದಿಲ್ಲ ಎಂದಾದರೆ ತೆರೆಯಬೇಡ.

ಅಪ್ಪ

•

ಆಗಸ್ಟ್ ೧೧

ಮಗಳಿಗೆ ಅಮ್ಮ ಮಾಡುವ ಆಶೀರ್ವಾದ.

ನಾನು ಕಾಗದ ಬರೆಯುವವಳಲ್ಲ. ಆದರೆ ನಿಮ್ಮಪ್ಪ ಪೋಸ್ಟಿನವನು ಬರುವ ಹೊತ್ತಿಗೆ ಗೇಟಿನ ಹತ್ತಿರ ಗಿಡಕ್ಕೆ ನೀರು ಹಾಕುತ್ತಾ ನಿಲ್ಲುತ್ತಾರೆ. ಗಿಡ ಕೊಳೆಯುತ್ತಾ ಬಂತು. ನೀವಿಬ್ಬರೂ ಏನೋ ಮುನಿಸಿಕೊಂಡಿದ್ದೀರಿ.

ನನಗೆ ಗೊತ್ತಿಲ್ಲ ಎಂದು ಇಬ್ಬರೂ ತಿಳಿದಿದ್ದೀರಿ. ಅವರು ತಾವೊಬ್ಬರೇ ಇದ್ದೇವೆಂದುಕೊಂಡು ನಿನ್ನ ಕಾಗದವನ್ನು ಬಾಯಿ ಬಿಟ್ಟು ಓದುತ್ತಾರೆ. ತಾವು ಎಷ್ಟು ಗಟ್ಟಿಯಾಗಿ ಓದುತ್ತಿದ್ದೇವೆ ಎಂದು ಅವರಿಗೆ ಹೇಗೆ ತಿಳಿಯಬೇಕು? ಬಾವಿಯ ವಿಷಯ ಪಕ್ಕದ ಮನೆಯವರಿಗೂ ಗೊತ್ತು.

ಎರಡು ಸಾಲು ಬರೆ. ಬೈದಾದರೂ ಬರೆ.

ಅಮ್ಮ

•

ಆಗಸ್ಟ್ ೧೬

ಅಪ್ಪಾ,

ಪಾರ್ಸೆಲ್ ಬಂದಿದೆ. ತೆರೆದಿಲ್ಲ. ಬಟ್ಟೆಯ ಕೆಳಗೆ ಇಟ್ಟಿದ್ದೇನೆ.

ನನಗೆ ಕೋಪ ಬಂದಿದೆ. ಷರತ್ತು ಹಾಕಿ ಕೊಡುವುದಾದರೆ ಕೊಡುವುದೇಕೆ? ಚಿಕ್ಕಂದಿನಿಂದ ಎಲ್ಲರೂ ನನ್ನ ಪರವಾಗಿ ಹೇಳಿಬಿಡುತ್ತಿದ್ದರು. ಟೀಚರಿಗೆ ನೀನು ಹೇಳಿದೆ. ಅವತ್ತಿನಿಂದ ಸಂಜೆಯ ಆಟಕ್ಕೆ ನನ್ನನ್ನು ಯಾರೂ ಕರೆಯಲಿಲ್ಲ. ಗೆಳತಿಯರ ಮನೆಗೆ ಅಮ್ಮ ಹೇಳಿದಳು. ಅವರು ನನ್ನ ಕೈ ಹಿಡಿದು ಬಚ್ಚಲಿನವರೆಗೆ ಬಿಟ್ಟು ಬರುತ್ತಿದ್ದರು, ಹಗಲಿನಲ್ಲೂ! ಇಲ್ಲಿ ಮೊದಲ ಸಲ ನಾನು ಬರಿ ನಾನಾಗಿದ್ದೇನೆ. ಅದನ್ನೂ ಕಿತ್ತುಕೊಳ್ಳಬೇಕೆ?

ಅಜ್ಜ ಇವತ್ತು ಬಾವಿಯ ಮೇಲೆ ಓಡುವುದನ್ನು ಅಭ್ಯಾಸ ಮಾಡಿದರು. ದೀಪ ಹಾಕಿಯೇ. ಈ ವಯಸ್ಸಿನಲ್ಲೂ ಎಷ್ಟು ಚೆನ್ನಾಗಿ ಓಡುತ್ತಾರೆ.

ಇಷ್ಟೇ.

•

ಆಗಸ್ಟ್ ೨೨

ಮಗಳೇ,

ಷರತ್ತು ವಾಪಸ್ ತೆಗೆದುಕೊಂಡಿದ್ದೇನೆ. ಪಾರ್ಸೆಲ್ ತೆರೆ.

ಹೆದರಿಕೆಗೆ ಷರತ್ತು ಹಾಕಿದೆ. ನೀನು ಬರೆದದ್ದು ಸರಿ. ನಿನ್ನ ಕಣ್ಣಿನ ವಿಷಯ ನಿನ್ನದು. ಯಾರಿಗೆ, ಯಾವಾಗ ಹೇಳಬೇಕು ಎಂಬುದೂ ನಿನ್ನದೇ. ಹೇಳದಿದ್ದರೂ ನೀನು ನನ್ನ ಮಗಳೇ, ದುರ್ಬೀನೂ ನಿನ್ನದೇ.

ಸೆಲ್ಲು ಹಾಕುವಾಗ ಉಬ್ಬಿದ ತುದಿ ಒಳಮುಖವಾಗಿರಲಿ. ಮುಂದಿನ ಉಂಗುರ ತಿರುಗಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ಮೊದಲು ಹತ್ತಿರದ್ದನ್ನು ನೋಡಿ ಅಭ್ಯಾಸ ಮಾಡಿಕೋ.

ಗಿಡ ಚೆನ್ನಾಗಿದೆ. ನಿಮ್ಮಮ್ಮ ನಿನಗೆ ಬರೆದದ್ದನ್ನು ನನಗೂ ಹೇಳಿದಳು, ಅದು ಸುಳ್ಳು.

ಅಪ್ಪ

•

ಸೆಪ್ಟೆಂಬರ್ ೮

ಅಪ್ಪಾ,

ತೆರೆದೆ. ನನ್ನ ಕೋಣೆಯ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಟವೆಲ್ ತುರುಕಿ, ಮಂಚದ ಮೇಲೆ ಕೂತು ಕಣ್ಣಿಗೆ ಹಿಡಿದೆ. ಮೊದಲು ಕಂಡದ್ದು ನನ್ನ ಕಾಲು. ಕತ್ತಲಲ್ಲಿ ನನ್ನ ಕಾಲಿನ ಬೆರಳುಗಳನ್ನು ನಾನು ಹುಟ್ಟಿದ ಮೇಲೆ ನೋಡಿದ್ದು ಆಗಲೇ. ಬೆರಳು ಆಡಿಸಿದೆ. ಚಿತ್ರ ಒಂದಿಷ್ಟು ತಡವಾಗಿ ಆಡಿತು. ಬಹಳ ಹೊತ್ತು ಹಾಗೇ ಆಡಿಸುತ್ತಾ ಕೂತಿದ್ದೆ.

ಮರುದಿನ ಮಧ್ಯಾಹ್ನ ದೊಡ್ಡಕ್ಕ ಒಬ್ಬರೇ ಇದ್ದಾಗ ಹೋದೆ. ಷರತ್ತು ಇದ್ದಿದ್ದರೆ ಹೋಗುತ್ತಿರಲಿಲ್ಲ, ತಿಳಿದುಕೋ.

"ದೊಡ್ಡಕ್ಕ, ನಂಗೆ ಕತ್ತಲಲ್ಲಿ ಕಣ್ಣು ಕಾಣಲ್ಲ."

"ಯಾರಿಗೆ ಕಾಣುತ್ತೆ?" ಎಂದರು, ತಲೆ ಎತ್ತದೆ.

"ಹಾಗಲ್ಲ. ನಿಮಗೆಲ್ಲ ಸ್ವಲ್ಪ ಹೊತ್ತಾದ್ರೆ ಕಾಣೋಕೆ ಶುರುವಾಗುತ್ತಲ್ಲ, ನಂಗೆ ಎಷ್ಟು ಹೊತ್ತಾದ್ರೂ ಇಲ್ಲ. ಹುಟ್ಟಿದಾಗ್ಲಿಂದ."

ಈಗ ತಲೆ ಎತ್ತಿದರು. "ಮತ್ತೆ ಇಷ್ಟು ದಿನ 'ಬಿಡಿ' ಅಂತಿದ್ದೆಯಲ್ಲ, ಹೇಗೆ?"

"ಕಿವಿಯಿಂದ. ಹೆಜ್ಜೆ ಸದ್ದು ಕೇಳ್ಕೊಂಡು."

"ಆ ಸ್ಟೂಲು?"

"ಮಾಮ ಅವತ್ತು ಬರಿಗಾಲಲ್ಲಿದ್ರು."

ದುರ್ಬೀನನ್ನು ಅವರ ಮುಂದೆ ಇಟ್ಟೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಎದ್ದು ಹೋಗಿ ಸ್ಟೇಜಿನ ದೀಪಗಳನ್ನೆಲ್ಲ ಆರಿಸಿದರು. ಅವರ ದನಿ ರಂಗದ ನಡುವಿನಿಂದ ಬಂತು. "ಈಗ ನಾನೇನು ಮಾಡ್ತಿದೀನಿ ಹೇಳು."

ಹಿಡಿದೆ. ಉಂಗುರ ತಿರುಗಿಸಿದೆ. "ನಾಲಿಗೆ ಚಾಚಿದೀರ."

"ಈಗ?"

"ಕನ್ನಡಕ ತಲೆಕೆಳಗಾಗಿ ಹಾಕ್ಕೊಂಡಿದೀರ."

"ಈಗ?"

"ಈಗ ಸುಮ್ನೆ ನಿಂತಿದೀರ."

"ಸುಮ್ನೆ ನಿಂತಿಲ್ಲ. ಬೈಯೋದಾ ಬೇಡ್ವಾ ಅಂತ ಯೋಚನೆ ಮಾಡ್ತಿದೀನಿ."

ಬೈದರು. ದೀಪ ಹಾಕಿ, ಮುಂದೆ ಕೂರಿಸಿಕೊಂಡು, ಸರಿಯಾಗಿಯೇ ಬೈದರು. ಅಜ್ಜನ ವಯಸ್ಸು ನೆನಪಿಸಿದರು. ನಾನು ಅತ್ತೆ. ಮೈಕನ್ನು ನನ್ನಿಂದ ತೆಗೆದುಕೊಂಡರು. ಟಿಕೆಟ್ ಬಾಗಿಲಿಗೆ ಕಳಿಸುತ್ತಾರೆ ಎಂದುಕೊಂಡೆ. ಕಳಿಸಲಿಲ್ಲ. ಪಕ್ಕದಲ್ಲಿ ನಿಲ್ಲಿಸಿಕೊಂಡು, "ನಾನು 'ಬಿಡಿ' ಅಂತೀನಿ. ಅದಕ್ಕೆ ಮುಂಚೆ ನೀನು ನೋಡಿ ಏನಿದೆ ಅಂತ ನಂಗೆ ಹೇಳು. ಒಂದು ಸಲ ತಪ್ಪಿದ್ರೂ ಮೈಕು ಸಿಗಲ್ಲ" ಎಂದರು. ಈಗ ದಿನವೂ ಅದೇ ನಡೆದಿದೆ.

ತಂಡದ ಉಳಿದವರಿಗೆ ಹೇಳಬೇಕೋ ಬೇಡವೋ ಎಂದು ನನ್ನನ್ನೇ ಕೇಳಿದರು. ನಾಳೆ ನಾನೇ ಹೇಳುತ್ತೇನೆ.

ಕೋಪ ಹೋಗಿದೆ. ಗಿಡಕ್ಕೆ ನೀರು ಕಮ್ಮಿ ಮಾಡು.

ಕೋಳಿಮರಿ

•

ಸೆಪ್ಟೆಂಬರ್ ೨೭

ಅಪ್ಪಾ, ಅಮ್ಮಾ,

ಇದನ್ನು ಇಬ್ಬರೂ ಕೂತು ಓದಿ. ಹೇಗೂ ಅಪ್ಪ ಗಟ್ಟಿಯಾಗಿಯೇ ಓದುತ್ತಾನೆ.

ಮೈಕು ನನಗೆ ವಾಪಸ್ ಸಿಕ್ಕಿತು. ನಿನ್ನೆಯ ತಾಲೀಮಿನಲ್ಲಿ ನಾಯಕಿ ಬಾವಿಗೆ ಇಳಿದಳು, ಕತ್ತಲಾಯಿತು. ಬಾಗಿಲು ಮುಚ್ಚಿದ ಸದ್ದು ನನಗೂ ಕೇಳಿಸಿತು, ಎಲ್ಲರಿಗೂ ಕೇಳಿಸಿತು. ನಾನು ನೋಡಿದೆ. ಬಾಗಿಲಿನ ಅಂಚಿನಲ್ಲಿ ಮಾಮನ ನಾಲ್ಕು ಬೆರಳು ಕಾಣುತ್ತಿದ್ದವು. ಬಾಗಿಲನ್ನು ಕೆಳಗೆಳೆಯುವ ಹಗ್ಗ ಸಿಕ್ಕಿಕೊಂಡು ಬಾಗಿಲು ಮತ್ತೆ ಮೇಲೆದ್ದಿತ್ತು.

"ಏನಮ್ಮಾ, ಬಿಡ್ಲಾ?" ಎಂದರು ಲೈಟಿನವರು.

"ಬೇಡ."

"ಎಲ್ಲ ಆಯ್ತಲ್ಲ?"

"ಬೇಡ ಅಂದ್ನಲ್ಲ. ಅಜ್ಜಾ, ಅಲ್ಲೇ ನಿಂತ್ಕೊಳಿ."

ಬೆರಳುಗಳು ಮಾಯವಾದ ಮೇಲೆ, ಅಗುಳಿ ಬಿದ್ದ ಸದ್ದು ಕೇಳಿದ ಮೇಲೆ, "ಬಿಡಿ" ಎಂದೆ. ಅಜ್ಜ ಓಡಿಬಂದರು. ಆಮೇಲೆ ನನಗೆ ಒಂದು ಪೆಪ್ಪರ್‌ಮಿಂಟಲ್ಲ, ಪೊಟ್ಟಣವನ್ನೇ ಕೊಟ್ಟರು. ಮಾಮ ಆ ಬಾಗಿಲಿನ ಹಗ್ಗವನ್ನೇ ತೆಗೆದುಹಾಕಿ ಬೇರೆ ಮಾಡಿದ್ದಾರೆ.

ಮೊದಲ ಪ್ರದರ್ಶನಕ್ಕೆ ನಿಮ್ಮಿಬ್ಬರಿಗೂ ಟಿಕೆಟ್ ಇದರೊಂದಿಗಿದೆ. ಅಪ್ಪಾ, ಮಾತು ಕೇಳಿಸದಿದ್ದರೆ ಬಂದು ಏನು ಪ್ರಯೋಜನ ಎಂದು ಬರೆಯಬೇಡ. ಬಾ.

ನಿಮ್ಮ ಮಗಳು

•

ಅಕ್ಟೋಬರ್ ೧೪

ಅಪ್ಪಾ,

ನಾಟಕ ಮುಗಿದ ಮೇಲೆ ಆ ಜನಜಂಗುಳಿಯಲ್ಲಿ ನಿನಗೆ ಏನೂ ಹೇಳಲು ಆಗಲಿಲ್ಲ. ನಾನು ಬಾಯಿ ತೆರೆದಾಗಲೆಲ್ಲ ನೀನು "ಹಾಂ? ಹಾಂ?" ಎನ್ನುತ್ತಿದ್ದೆ. ಆಮೇಲೆ ನಿಮಗೆ ಬಸ್ಸಿಗೆ ಹೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಕೊನೆಯ ದೃಶ್ಯಕ್ಕೆ ಮುಂಚಿನ ಕತ್ತಲು ನೆನಪಿದೆಯಾ? ಆಗ ನಟರು ಪ್ರೇಕ್ಷಕರ ನಡುವಿನ ದಾರಿಯಿಂದ ಬರಬೇಕು. ದಾರಿಯಲ್ಲಿ ಯಾರೂ ಕಾಲು ಚಾಚಿಲ್ಲ, ಚೀಲ ಇಟ್ಟಿಲ್ಲ ಎಂದು ನಾನು ನೋಡಬೇಕು. ದುರ್ಬೀನನ್ನು ರಂಗದಿಂದ ಆ ಕಡೆಗೆ ತಿರುಗಿಸಿದೆ.

ಕತ್ತಲಲ್ಲಿ ಜನ ಹೇಗಿರುತ್ತಾರೆ ಎಂದು ನನಗೆ ಗೊತ್ತೇ ಇರಲಿಲ್ಲ ಅಪ್ಪಾ. ಒಬ್ಬ ಆಕಳಿಸುತ್ತಿದ್ದ. ಒಬ್ಬಾಕೆ ಚಪ್ಪಲಿ ಬಿಟ್ಟು ಕಾಲು ತುರಿಸಿಕೊಳ್ಳುತ್ತಿದ್ದಳು. ಇಬ್ಬರು ಕೈ ಹಿಡಿದುಕೊಂಡಿದ್ದರು. ದಾರಿ ಖಾಲಿಯಿತ್ತು. ಆಮೇಲೆ, ದಾರಿಯ ಪಕ್ಕದ ಕುರ್ಚಿಯಲ್ಲಿ, ನೀನು ಕಂಡೆ.

ಅಮ್ಮ ನಿನ್ನ ಅಂಗೈ ಬಿಡಿಸಿಟ್ಟುಕೊಂಡು ಅದರ ಮೇಲೆ ಬೆರಳಿನಿಂದ ಏನೋ ಬರೆಯುತ್ತಿದ್ದಳು. ನಾಟಕದ ಮಾತುಗಳನ್ನು ಬರೆಯುತ್ತಿದ್ದಳೆಂದು ಕಾಣುತ್ತದೆ. ನೀನು ಅತ್ತ ಗಮನ ಕೊಟ್ಟಿರಲಿಲ್ಲ. ರಂಗದ ಕಡೆಗೂ ನೋಡುತ್ತಿರಲಿಲ್ಲ. ಕುರ್ಚಿಯ ತುದಿಗೆ ಬಂದು, ಕತ್ತು ಮುಂದೆ ಚಾಚಿ, ನಾನು ನಿಂತಿದ್ದ ಪರದೆಯ ಮರೆಯನ್ನೇ ನೋಡುತ್ತಿದ್ದೆ. ಅಲ್ಲಿ ನಿನಗೆ ಏನೂ ಕಾಣುತ್ತಿರಲಿಲ್ಲ. ಆದರೂ ನೋಡುತ್ತಲೇ ಇದ್ದೆ.

ಹಗಲಿನಲ್ಲಿ ನಿನ್ನ ಮುಖವನ್ನು ಎಷ್ಟೋ ಸಲ ನೋಡಿದ್ದೇನೆ. ಹಗಲಿನಲ್ಲಿ ನೀನು ಧೈರ್ಯವಾಗಿರುತ್ತೀಯ.

ನಾನು "ಬಿಡಿ" ಎನ್ನುವುದು ತಡವಾಯಿತು. "ಏನಾಯ್ತು?" ಎಂದರು ದೊಡ್ಡಕ್ಕ. "ಏನಿಲ್ಲ, ದಾರಿ ಪಕ್ಕದಲ್ಲಿ ನಮ್ಮಪ್ಪ" ಎಂದೆ. ಅವರು ನನ್ನ ಕೈಯಿಂದ ದುರ್ಬೀನು ತೆಗೆದುಕೊಂಡು ನಿನ್ನ ಕಡೆ ತಿರುಗಿಸಿ ನೋಡಿದರು. ವಾಪಸ್ ಕೊಟ್ಟು, "ಇನ್ನೊಂದು ಸ್ವಲ್ಪ ನೋಡ್ಕೋ, ಆಮೇಲೆ ಬಿಡು" ಎಂದರು.

ನಿನ್ನ ಮಗಳು